ಅಡುಗೆಮನೆಯ ಮಾತು: ಸಕ್ಕರೆಯಿಲ್ಲದ ಚಾಕೊಲೇಟ್ ಬಿಲ್ಲೆ

ಸಂಕ್ರಾಂತಿ ಹತ್ತಿರ ಬಂತು. ಎಳ್ಳು ಹಸನು ಮಾಡುವುದು, ಕೊಬ್ಬರಿ ಹೆಚ್ಚುವುದು, ಬೆಲ್ಲವನ್ನು ಅಚ್ಚುಕಟ್ಟಾಗಿ ಕತ್ತರಿಸಿ ಬಿಸಿಲಿಗೆ ಹರಡುವುದು, ನಮ್ಮ ತಾಂಡವಪುರದ ಬೀದಿಯಲ್ಲೂ ಈ ಗಡಿಬಿಡಿ ಶುರುವಾಗಿದೆ. ಆದರೆ ಈಗ ಸಕ್ಕರೆ ಕಾಯಿಲೆಯವರು ಇಲ್ಲದ ಮನೆ ಯಾವುದಿದೆ ಹೇಳಿ? ಪಕ್ಕದ ಮಂಡ್ಯದಲ್ಲಿ 1933ರಲ್ಲೇ ಸಕ್ಕರೆ ಕಾರ್ಖಾನೆ ಎದ್ದ ಸೀಮೆ ನಮ್ಮದು. ಬೆಲ್ಲ, ಸಕ್ಕರೆ ಎರಡೂ ನಮ್ಮ ನಾಲಿಗೆಗೆ ನೆಂಟರೇ. ಹಬ್ಬದ ದಿನ ಎಲ್ಲರ ಕೈಗೂ ಎಳ್ಳು ಹಾಕಿ, ಮನೆಯ ಹಿರಿಯರ ಮುಂದೆ ಮಾತ್ರ ತಟ್ಟೆ ಮರೆಮಾಡುವುದಿದೆಯಲ್ಲ, ಅದರಂಥ ಸಂಕಟ ಇನ್ನೊಂದಿಲ್ಲ.

ನಮ್ಮ ಅತ್ತೆಯವರಿಗೆ ಹನ್ನೆರಡು ವರ್ಷದಿಂದ ಮಧುಮೇಹ. ಹೋದ ವರ್ಷದ ಹಿಂದಿನ ಹಬ್ಬದಲ್ಲಿ ಅವರು, "ಊರಿಗೆಲ್ಲ ಎಳ್ಳು ಬೀರ್ತೀಯ, ನನ್ನ ಬಾಯಿಗೆ ಮಾತ್ರ ಬೀಗ ಹಾಕ್ತೀಯಲ್ಲೇ" ಅಂದುಬಿಟ್ಟರು. ಅಂದು ರಾತ್ರಿ ಅವರ ತಲೆದಿಂಬಿನ ಕೆಳಗೆ ಸೆರಗಿನ ಚೂರಿನಲ್ಲಿ ಕಟ್ಟಿಟ್ಟ ಬೆಲ್ಲದ ಚೂರುಗಳು ಸಿಕ್ಕವು. ನನಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು. ಬೇಡ ಬೇಡ ಅನ್ನುವುದಷ್ಟೇ ಸಾಲದು, ಬದಲಿಗೆ ಏನಾದರೂ ಕೈಗೆ ಕೊಡಬೇಕು ಅನ್ನಿಸಿತು. ಆಗ ಕಲಿತದ್ದೇ ಈ ಬಿಲ್ಲೆ.

ಎಳ್ಳು ಬೆಲ್ಲದಲ್ಲಿ ಇರುವುದು ಐದು ಸಾಮಾನು: ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ. ಇದರಲ್ಲಿ ಬೆಲ್ಲವನ್ನೂ ಹುರಿಗಡಲೆಯನ್ನೂ ಬಿಟ್ಟರೆ ಉಳಿದ ಮೂರರಲ್ಲೂ ಪಿಷ್ಟ ಕಡಿಮೆ, ಎಣ್ಣೆಯಂಶ ಮತ್ತು ನಾರು ಹೆಚ್ಚು. ಕಡಲೆಕಾಯಿ ಬೀಜದಲ್ಲಂತೂ ನೂರು ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಆ ಮೂರನ್ನೂ ಸಕ್ಕರೆಯಿಲ್ಲದ ಚಾಕೊಲೇಟಿನಲ್ಲಿ ಅದ್ದಿದರೆ ನಮ್ಮ ಬಿಲ್ಲೆ ಆಯಿತು.

ಇಲ್ಲೊಂದು ಮಾತು. "ಸಕ್ಕರೆ ಬೇಡ, ಬೆಲ್ಲ ಹಾಕಿದರೆ ತೊಂದರೆಯಿಲ್ಲ" ಎಂದು ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಜೇನುತುಪ್ಪಕ್ಕೂ ಹೀಗೇ ಹೇಳುತ್ತಾರೆ. ನಂಬಬೇಡಿ. ಬೆಲ್ಲದಲ್ಲಿ ಬಹುಪಾಲು ಸಕ್ಕರೆಯೇ ಇರುವುದು. ರಕ್ತಕ್ಕೆ ಸೇರಿದ ಮೇಲೆ ಅದು ಬೆಲ್ಲದಿಂದ ಬಂತೋ ಸಕ್ಕರೆಯಿಂದ ಬಂತೋ ಎಂದು ಶರೀರ ಕೇಳುವುದಿಲ್ಲ.

ಬೇಕಾಗುವ ಸಾಮಾನು (16 ಬಿಲ್ಲೆಗೆ)

ಕಡಲೆಕಾಯಿ ಬೀಜ 100 ಗ್ರಾಂ
ಬಿಳಿ ಎಳ್ಳು 2 ದೊಡ್ಡ ಚಮಚ
ತುರಿದ ಒಣ ಕೊಬ್ಬರಿ 2 ದೊಡ್ಡ ಚಮಚ
ಕೋಕೋ ಪುಡಿ 4 ದೊಡ್ಡ ಚಮಚ
ಅಡುಗೆಯ ಕೊಬ್ಬರಿ ಎಣ್ಣೆ 4 ದೊಡ್ಡ ಚಮಚ
ಸಿಹಿಗೆ ಸ್ಟೀವಿಯಾ ಪುಡಿ, ಇಲ್ಲವೆ ಎರಿತ್ರಿಟಾಲ್ 3 ದೊಡ್ಡ ಚಮಚ
ಏಲಕ್ಕಿ ಪುಡಿ ಕಾಲು ಚಮಚ, ಉಪ್ಪು ಒಂದು ಚಿಟಿಕೆ

ಸಾಮಾನು ಕೊಳ್ಳುವಾಗ ಎಚ್ಚರವಿರಲಿ. ಅಂಗಡಿಯವರು ಹಾಲಿಗೆ ಹಾಕುವ ಚಾಕೊಲೇಟ್ ಪುಡಿಯನ್ನು ಕೊಟ್ಟುಬಿಟ್ಟಾರು. ಅದರಲ್ಲಿ ಸಕ್ಕರೆ ಇರುತ್ತದೆ. ನಮಗೆ ಬೇಕಾದದ್ದು ಬರೀ ಕೋಕೋ, ನಾಲಿಗೆಗಿಟ್ಟರೆ ಕಹಿಯಾಗಿರಬೇಕು. ಕೋಕೋ ಎಂದರೆ ಯಾವುದೋ ಪರದೇಶದ ವಸ್ತು ಅಂದುಕೊಳ್ಳಬೇಡಿ. ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಿನಲ್ಲಿ ಅದನ್ನು ಬೆಳೆಯುತ್ತಾರೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಸ್ಟೀವಿಯಾ ಒಂದು ಗಿಡದ ಎಲೆಯಿಂದ ತೆಗೆದ ಸಿಹಿ. ಸಕ್ಕರೆಗಿಂತ ಇನ್ನೂರು ಮುನ್ನೂರು ಪಟ್ಟು ಸಿಹಿ, ಆದ್ದರಿಂದ ಚಿಟಿಕೆಯಷ್ಟು ಸಾಕು. ಹೆಚ್ಚಾದರೆ ನಾಲಿಗೆಯ ಕೊನೆಗೆ ಕಹಿ ಹಿಡಿಯುತ್ತದೆ. ಪೊಟ್ಟಣದ ಹಿಂಬದಿಯನ್ನು ಮಕ್ಕಳ ಕೈಲಾದರೂ ಓದಿಸಿ. ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಎಂದು ಬರೆದಿದ್ದರೆ ಸಕ್ಕರೆಯ ಸಂಬಂಧಿಕರನ್ನೇ ಬೆರೆಸಿದ್ದಾರೆ ಎಂದು ತಿಳಿಯಿರಿ. ಎರಿತ್ರಿಟಾಲ್ ನೋಡಲು ಸಕ್ಕರೆಯಂತೆಯೇ ಇರುತ್ತದೆ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿಕೊಳ್ಳದಿದ್ದರೆ ಬಾಯಲ್ಲಿ ಮರಳು ಸಿಕ್ಕಿದಂತಾಗುತ್ತದೆ. ಅತಿಯಾದರೆ ಹೊಟ್ಟೆ ಕೆಡುತ್ತದೆ.

ಮಾಡುವ ಕ್ರಮ

ಮೊದಲು ಕಡಲೆಕಾಯಿ ಬೀಜವನ್ನು ಆರಿಸಿರಿ. ಮುರುಟಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದದ್ದನ್ನು ದಾಕ್ಷಿಣ್ಯವಿಲ್ಲದೆ ಎಸೆಯಿರಿ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆದು, ಬೇಳೆ ಮಾಡಿಕೊಳ್ಳಿರಿ. ಎಳ್ಳು ಚಟಪಟ ಎನ್ನುವಷ್ಟು ಹುರಿದರೆ ಸಾಕು. ಕೊಬ್ಬರಿಯನ್ನು ಸುಮ್ಮನೆ ಬೆಚ್ಚಗೆ ಮಾಡಿರಿ.

ಕೋಕೋ, ಸಿಹಿಪುಡಿ, ಏಲಕ್ಕಿ, ಉಪ್ಪು ನಾಲ್ಕನ್ನೂ ಒಟ್ಟಿಗೆ ಜರಡಿ ಹಿಡಿಯಿರಿ. ಒಂದು ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ ಒಲೆಯಿಂದ ಇಳಿಸಿ, ಅದರೊಳಗೆ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಇಡಿರಿ. ಎಣ್ಣೆ ಕರಗಿದೊಡನೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಗಂಟಿಲ್ಲದಂತೆ ಕದಡಿರಿ. ಬಟ್ಟಲಿಗೆ, ಚಮಚಕ್ಕೆ ಒಂದು ಹನಿ ನೀರೂ ತಗಲಬಾರದು. ತಗಲಿತೋ, ಕೋಕೋ ಹಿಟ್ಟಿನ ಮುದ್ದೆಯಂತೆ ಗಂಟು ಕಟ್ಟಿಕೊಳ್ಳುತ್ತದೆ. ಹಾಗಾದರೆ ಚೆಲ್ಲಬೇಡಿ, ಸ್ವಲ್ಪ ಸ್ವಲ್ಪವಾಗಿ ಬಿಸಿ ಹಾಲಿಗೆ ಕದಡಿ ಕುಡಿಯಿರಿ. ಸಕ್ಕರೆ ಅಚ್ಚಿನ ಮರದ ಮಣೆಗಳನ್ನು ಇದಕ್ಕೆ ಬಳಸದಿರುವುದೂ ಇದೇ ಕಾರಣಕ್ಕೆ. ಅವನ್ನು ನೀರಿನಲ್ಲಿ ನೆನೆಹಾಕಿಯೇ ತೆಗೆದಿರುತ್ತೇವಲ್ಲ.

ಒಂದು ತೊಟ್ಟು ರುಚಿ ನೋಡಿರಿ. ನಾಲಿಗೆಗೆ ಬೇಕೆನಿಸುವುದಕ್ಕಿಂತ ಒಂದು ಕೂದಲು ಹೆಚ್ಚೇ ಸಿಹಿಯಿರಲಿ, ತಣ್ಣಗಾದಾಗ ಸಿಹಿ ಕುಗ್ಗುತ್ತದೆ. ಬಿಸಿಯಲ್ಲೇ ಸುರಿಯಬೇಡಿ, ಕೋಕೋ ತಳಕ್ಕೆ ಇಳಿದು ಎಣ್ಣೆ ಮೇಲೆ ನಿಲ್ಲುತ್ತದೆ. ಆರಿ, ದೋಸೆ ಹಿಟ್ಟಿನಷ್ಟು ಗಟ್ಟಿಯಾದಾಗ ಬೀಜ, ಎಳ್ಳು, ಕೊಬ್ಬರಿ ಬೆರೆಸಿ, ಬೆಣ್ಣೆ ಕಾಗದ ಹಾಸಿದ ತಟ್ಟೆಗೆ ಹರಡಿರಿ. ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು 16 ಬಿಲ್ಲೆ ಕತ್ತರಿಸಿರಿ. ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನಲ್ಲೇ ಇಟ್ಟರೆ ಎರಡು ವಾರಕ್ಕೆ ಮೋಸವಿಲ್ಲ.

ಅಂಗಡಿಯ ಚಾಕೊಲೇಟ್ ಕೈಯಲ್ಲಿ ನಿಲ್ಲುವುದು ಅದರಲ್ಲಿರುವ ಕೋಕೋ ಬೆಣ್ಣೆಯಿಂದ. ಅದು ನಮ್ಮ ಬಾಯ ಬಿಸಿಗಷ್ಟೇ ಕರಗುತ್ತದೆ. ಕೊಬ್ಬರಿ ಎಣ್ಣೆಯಾದರೋ 24-25 ಡಿಗ್ರಿಗೇ ನೀರಾಗುತ್ತದೆ. ಪುಷ್ಯದ ಚಳಿಯಲ್ಲಿ ಬೆಳಗ್ಗೆ ಹೆಪ್ಪುಗಟ್ಟಿದ್ದು ನಂಜನಗೂಡಿನ ದೊಡ್ಡ ಜಾತ್ರೆಯ ಬಿಸಿಲಿಗೆ ನಿಂತೀತೆ? ಫ್ರಿಜ್ಜಿಲ್ಲದವರು ಹೀಗೆ ಮಾಡಬಹುದು: ಹುರಿದ ಬೀಜವನ್ನು ಮಿಕ್ಸಿಯಲ್ಲಿ ಅದರ ಎಣ್ಣೆಯೇ ಬಿಡುವವರೆಗೆ ಅರೆದು, ಎರಡು ಚಮಚ ಕೋಕೋ, ಸಿಹಿಪುಡಿ, ಎಳ್ಳು ಸೇರಿಸಿ ನಿಂಬೆಕಾಯಿಗಿಂತ ಚಿಕ್ಕದಾಗಿ ಉಂಡೆ ಕಟ್ಟಿರಿ. ಇದು ಕರಗುವುದಿಲ್ಲ.

ಎಷ್ಟು ತಿನ್ನಬೇಕು?

ಸಕ್ಕರೆಯಿಲ್ಲ ಎಂದಮಾತ್ರಕ್ಕೆ ಡಬ್ಬಿ ಖಾಲಿ ಮಾಡಬಹುದೆಂದು ತಿಳಿಯಬೇಡಿ. ಒಂದು ಬಿಲ್ಲೆಯಲ್ಲಿ ನಾರೂ ಸೇರಿ ಪಿಷ್ಟ ಎರಡು ಮೂರು ಗ್ರಾಂ ಮಾತ್ರ. ಆದರೆ ಎಣ್ಣೆಯ ದೆಸೆಯಿಂದ ಸುಮಾರು 80 ಕ್ಯಾಲೊರಿ, ಅಂದರೆ ಒಂದು ಪುಟ್ಟ ಚಪಾತಿಯಷ್ಟು. ದಿನಕ್ಕೆ ಒಂದು, ಹಬ್ಬಕ್ಕೆ ಎರಡು ಸಾಕು. ಹೃದಯದ ತೊಂದರೆಯಿರುವವರು ಕೊಬ್ಬರಿ ಎಣ್ಣೆಯ ಬಗ್ಗೆ, ಮೂತ್ರಪಿಂಡದ ತೊಂದರೆಯಿರುವವರು ಬೀಜ ಮತ್ತು ಕೋಕೋ ಬಗ್ಗೆ ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಮಧುಮೇಹವಿಲ್ಲದವರು ತೂಕ ಇಳಿಸಲೆಂದು ಸ್ಟೀವಿಯಾದಂಥ ಸಿಹಿಪುಡಿಗಳನ್ನೇ ನೆಚ್ಚಿಕೊಳ್ಳುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿದೆ. ಆ ಸಲಹೆ ಈಗಾಗಲೇ ಮಧುಮೇಹ ಇರುವವರನ್ನು ಕುರಿತದ್ದಲ್ಲ.

ಇನ್ನು ಅಡುಗೆಗಿಂತ ಮುಖ್ಯವಾದ ಮಾತು

ಬಿಲ್ಲೆ ಅತ್ತೆಯವರಿಗೆ ಹಿಡಿಸಿತು. ನನಗೆ ಹುಮ್ಮಸ್ಸು ಬಂತು. ಯಾರೋ ಹೇಳಿದರೆಂದು ಪಿಷ್ಟ ಕಡಿಮೆ ಮಾಡುವ ಪಥ್ಯವನ್ನೂ ಹಿಡಿಸಿದೆ. ರಾತ್ರಿಯ ಮುದ್ದೆ ಹೋಯಿತು, ಮಧ್ಯಾಹ್ನದ ಅನ್ನ ಒಂದು ಹಿಡಿಗೆ ಇಳಿಯಿತು. ಕದ್ದು ತಿಂದಾರೆಂದು ಸಕ್ಕರೆ ಡಬ್ಬಿಯನ್ನೂ ಬೆಲ್ಲದ ಮಡಕೆಯನ್ನೂ ಪಕ್ಕದ ಮನೆಗೆ ಸಾಗಿಸಿದೆ. ಮಾತ್ರೆ ಮಾತ್ರ ಹಿಂದಿನಷ್ಟೇ ನುಂಗುತ್ತಿದ್ದರು. ಅದನ್ನು ಡಾಕ್ಟರಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹೋದ ವರ್ಷ ಹಬ್ಬ ಕಳೆದು ನಾಲ್ಕನೆಯ ದಿನ ಸಂಜೆ ಅತ್ತೆಯವರು ಜಗುಲಿಯ ಮೇಲೆ ಕೂತಿದ್ದವರು, "ಯಾಕೋ ಕೈ ನಡುಗ್ತಾ ಇದೆ ಕಣೇ" ಅಂದರು. ನೋಡಿದರೆ ಚಳಿಗಾಲದಲ್ಲೂ ಹಣೆಯೆಲ್ಲ ಬೆವರು. ಮಾತು ತೊದಲಿತು. ಸುಸ್ತಿರಬೇಕೆಂದು ನಾನು ಓಡಿಹೋಗಿ ಚಾಕೊಲೇಟ್ ಬಿಲ್ಲೆ ತಂದು ಬಾಯಿಗಿಟ್ಟೆ. ಒಂದಾಯಿತು, ಎರಡಾಯಿತು, ಏನೂ ಗುಣ ಕಾಣಲಿಲ್ಲ. ಕಣ್ಣು ಮಂಪರು ಬರತೊಡಗಿತು.

ಪಕ್ಕದ ಮನೆಯ ಅಕ್ಕ ಆಶಾ ಕಾರ್ಯಕರ್ತೆ. ಕೂಗು ಕೇಳಿ ಬಂದವರು ನೋಡಿದೊಡನೆ, "ಅಯ್ಯೋ, ಸಕ್ಕರೆ ಇಳಿದುಬಿಟ್ಟಿದೆ ಕಣಮ್ಮ! ಸಕ್ಕರೆ ಇಲ್ಲದ್ದು ಕೊಟ್ರೆ ಏನಾಗುತ್ತೆ? ಸಕ್ಕರೆ ತಾ ಸಕ್ಕರೆ" ಅಂದರು. ನನ್ನ ಮನೆಯಲ್ಲಿ ಸಕ್ಕರೆ ಎಲ್ಲಿತ್ತು? ಗೂಡಿನಲ್ಲಿ ಯಾರೋ ಎಳ್ಳಿನ ಜೊತೆ ಕೊಟ್ಟಿದ್ದ ಒಂದು ಸಕ್ಕರೆ ಅಚ್ಚು ಉಳಿದಿತ್ತು, ಗಿಣಿಯದು. ಅದನ್ನೇ ಪುಡಿಮಾಡಿ ಅರ್ಧ ಲೋಟ ನೀರಿಗೆ ಕದಡಿ, ಇನ್ನೂ ನುಂಗುವ ಎಚ್ಚರವಿದ್ದುದರಿಂದ ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯಲ್ಲಿ ಅತ್ತೆಯವರು ಕಣ್ಣುಬಿಟ್ಟು, "ಯಾಕೆ ಎಲ್ಲರೂ ಸೇರಿದ್ದೀರಿ?" ಅಂದರು. ನಾನು ಅಲ್ಲೇ ಕುಸಿದು ಕೂತೆ.

ಮಾರನೆಯ ದಿನ ಡಾಕ್ಟರು ಬಿಡಿಸಿ ಹೇಳಿದರು. ಮಧುಮೇಹದ ಕೆಲವು ಮಾತ್ರೆಗಳೂ ಇನ್ಸುಲಿನ್ನೂ ಊಟ ಮಾಡಿದರೂ ಬಿಟ್ಟರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಊಟ ತಗ್ಗಿಸಿ ಮಾತ್ರೆಯನ್ನು ಹಾಗೇ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ವಿಪರೀತ ಹಸಿವು, ತೊದಲು, ವಿನಾಕಾರಣ ಸಿಡುಕು, ಇವೆಲ್ಲ ಅದರ ಗುರುತು. ಆಗ ಕೊಡಬೇಕಾದದ್ದು 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಿನಲ್ಲಿ ಕದಡಿ. ಕಾಲು ಗಂಟೆಗೆ ಗುಣ ಕಾಣದಿದ್ದರೆ ಮತ್ತೆ ಅಷ್ಟೇ. ಚೇತರಿಸಿಕೊಂಡ ಮೇಲೆ ಏನಾದರೂ ಊಟ ಕೊಡಬೇಕು. ಅಂಗಡಿಯ ಸಕ್ಕರೆ ಹಾಕಿದ ಚಾಕೊಲೇಟ್ ಕೂಡ ಆ ಹೊತ್ತಿಗೆ ಸಲ್ಲದು, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ನುಂಗುವವರಿಗೆ ಮನೆಯ ಸಕ್ಕರೆಯೂ ನಿಧಾನ, ಅವರಿಗೆ ಗ್ಲೂಕೋಸ್ ಪುಡಿಯೇ ಆಗಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಉಸಿರಿಗೆ ಸಿಕ್ಕೀತು. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನು ಮಾಡಬೇಕು.

ಅತ್ತೆಯವರ ಊಟಕ್ಕೆ ತಕ್ಕಂತೆ ಡಾಕ್ಟರು ಮಾತ್ರೆಯನ್ನು ತಗ್ಗಿಸಿದರು, ಮುದ್ದೆಯೂ ಅರ್ಧದಷ್ಟು ತಟ್ಟೆಗೆ ಮರಳಿತು. ಪಥ್ಯ ತಪ್ಪೆಂದು ಅವರು ಹೇಳಲಿಲ್ಲ. "ಊಟ ಬದಲಾಯಿಸುವ ಮೊದಲು ನನಗೊಂದು ಮಾತು ಹೇಳಿ" ಅಂದರು, ಅಷ್ಟೆ.

ಆದ್ದರಿಂದ ಸೋದರಿಯರೇ, ಬಿಲ್ಲೆಯನ್ನು ಖಂಡಿತ ಮಾಡಿರಿ. ಈ ಹಬ್ಬಕ್ಕೆ ಎಳ್ಳಿನ ತಟ್ಟೆಯಲ್ಲಿ ಹಿರಿಯರಿಗೆಂದೇ ಒಂದು ಪೊಟ್ಟಣ ಇಡಿರಿ. ಆದರೆ ಆ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ "ಸಕ್ಕರೆ ಇಲ್ಲ, ಸುಸ್ತಾದಾಗ ಕೊಡಬೇಡಿ" ಎಂದು ಚೀಟಿ ಅಂಟಿಸಿರಿ. ಪಕ್ಕದಲ್ಲೇ ಒಂದು ಸಣ್ಣ ಬಾಟಲಿಯಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಅದು ಎಲ್ಲಿದೆಯೆಂದು ಮನೆಯ ಮಕ್ಕಳಿಗೂ ತಿಳಿದಿರಲಿ.

ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ತನ್ನ ಜಾಗಕ್ಕೆ ಬಂದಿದೆ. ಅತ್ತೆಯವರು ಅದನ್ನು ಮುಟ್ಟುವುದಿಲ್ಲ. "ನನ್ನ ಬಿಲ್ಲೆ ನನಗಿದೆಯಲ್ಲ" ಅನ್ನುತ್ತಾರೆ. ಈ ಸಲ ಎಳ್ಳು ಬೀರಲು ಅವರೂ ನನ್ನ ಜೊತೆ ಬರುತ್ತಾರಂತೆ.