ವೈಟ್‌ಫೀಲ್ಡ್ ದುಡಿಮೆ, ದೆಹಲಿಯ ಲೆಕ್ಕ

ಬೆಂಗಳೂರು: ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಉದ್ಯೋಗಿಯ ಸಂಬಳದ ಚೀಟಿಯಲ್ಲಿ ಎರಡು ತೆರಿಗೆ ಕಡಿತಗಳಿರುತ್ತವೆ. ಮೊದಲನೆಯದು ಆದಾಯ ತೆರಿಗೆ. ಹಲವರ ವಿಷಯದಲ್ಲಿ ವರ್ಷಕ್ಕೆ ಲಕ್ಷ ದಾಟುವ ಈ ಮೊತ್ತ ಕೇಂದ್ರದ ಬೊಕ್ಕಸಕ್ಕೆ ಸಲ್ಲುತ್ತದೆ. ಎರಡನೆಯದು ವೃತ್ತಿ ತೆರಿಗೆ. ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ಇದು ರಾಜ್ಯದ್ದು. ಸಂವಿಧಾನದ 276ನೇ ವಿಧಿಯು ವೃತ್ತಿ ತೆರಿಗೆಗೆ ವಿಧಿಸಿರುವ ವಾರ್ಷಿಕ 2,500 ರೂ. ಮಿತಿ ನಿಗದಿಯಾದದ್ದು 1988ರಲ್ಲಿ. ಆಗ ಎಲೆಕ್ಟ್ರಾನಿಕ್ ಸಿಟಿಗೆ ಇನ್ಫೋಸಿಸ್ ಕೂಡ ಕಾಲಿಟ್ಟಿರಲಿಲ್ಲ. ಸಂಬಳ ಎಷ್ಟೋ ಪಟ್ಟು ಬೆಳೆಯಿತು. ಮಿತಿ ಮಾತ್ರ ಇದ್ದಲ್ಲೇ ಇದೆ.

ಕೇಂದ್ರಕ್ಕೆ ಹೋದ ತೆರಿಗೆಯ ಒಂದು ಪಾಲು ಹಿಂತಿರುಗುತ್ತದೆ. ಹಂಚಿಕೆಗೆ ಅರ್ಹವಾದ ತೆರಿಗೆಯಲ್ಲಿ ಶೇ. 41 ಎಲ್ಲ ರಾಜ್ಯಗಳಿಗೆ ಸೇರಬೇಕು. ಸೆಸ್ ಮತ್ತು ಸರ್‌ಚಾರ್ಜುಗಳು ಈ ಲೆಕ್ಕದಿಂದ ಹೊರಗೆ. ಅವನ್ನು ಕೇಂದ್ರ ಹಂಚಿಕೊಳ್ಳಬೇಕಾಗಿಲ್ಲ. ಉಳಿದದ್ದರಲ್ಲಿ ಯಾರಿಗೆ ಎಷ್ಟು ಎಂಬುದನ್ನು ಸೂಚಿಸುವುದು ಹಣಕಾಸು ಆಯೋಗ. ರಾಜ್ಯಗಳು ಹಂಚಿಕೊಳ್ಳುವ ಪ್ರತಿ 100 ರೂಪಾಯಿಯಲ್ಲಿ 14ನೇ ಆಯೋಗ ಕರ್ನಾಟಕಕ್ಕೆ 4.713 ರೂ. ಕೊಟ್ಟಿತ್ತು. 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಪುಟ ಸಮೇತ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತದ್ದು ಈ ಅಂಕಿಯನ್ನೇ ಮುಂದಿಟ್ಟುಕೊಂಡು.

ಸರಾಸರಿಯ ಕುತ್ತು

ಪಾಲು ಕುಸಿದದ್ದೇಕೆ? ಹಂಚಿಕೆಯ ಸೂತ್ರದಲ್ಲಿ ಅತಿ ಹೆಚ್ಚು ತೂಕವಿರುವುದು ತಲಾ ಆದಾಯದ ಅಂತರಕ್ಕೆ. 15ನೇ ಆಯೋಗದಲ್ಲಿ ಅದು ಶೇ. 45. ಶ್ರೀಮಂತ ರಾಜ್ಯಕ್ಕಿಂತ ಎಷ್ಟು ಹಿಂದಿದ್ದರೆ ಅಷ್ಟು ಹೆಚ್ಚು ಪಾಲು ಎಂಬುದು ಅದರ ತಿರುಳು. ಸಾಫ್ಟ್‌ವೇರ್ ರಫ್ತಿನ ಹಣ ಲೆಕ್ಕಕ್ಕೆ ಬಂದಾಗ ಕರ್ನಾಟಕದ ತಲಾ ಆದಾಯ ಏರಿತು, ಪಾಲು ಇಳಿಯಿತು. ಜೊತೆಗೆ 1971ರ ಜನಗಣತಿಯ ಬದಲು 2011ರದನ್ನು ಮಾತ್ರ ಆಧರಿಸಿದ್ದರಿಂದ ಕುಟುಂಬ ಯೋಜನೆಯಲ್ಲಿ ಮುಂದಿದ್ದ ದಕ್ಷಿಣದ ರಾಜ್ಯಗಳಿಗೆ ಪೆಟ್ಟು ಬಿತ್ತು.

ಆದರೆ ಯಾದಗಿರಿಯ ಕೂಲಿಕಾರನ ಕಿಸೆಗೆ ವೈಟ್‌ಫೀಲ್ಡಿನ ಹಣ ಬಂದಿರುವುದಿಲ್ಲ. ಸರಾಸರಿಯಲ್ಲಿ ಮಾತ್ರ ಬಂದಿರುತ್ತದೆ. ಅದೇ ಭಾಗ ಹಿಂದುಳಿದಿದೆಯೆಂದು ಒಪ್ಪಿ 2012ರ 98ನೇ ತಿದ್ದುಪಡಿಯ ಮೂಲಕ 371ಜೆ ವಿಧಿಯನ್ನು ಸೇರಿಸಿದ್ದು ಸಂಸತ್ತೇ ಎಂಬುದು ಗಮನಾರ್ಹ.

ಹಾಗೆಂದು ‘ನಮ್ಮ ತೆರಿಗೆ’ ಎಂಬ ಘೋಷಣೆಯೂ ಪೂರ್ತಿ ನೇರವಲ್ಲ. ಕಂಪನಿಯ ಪ್ರಧಾನ ಕಚೇರಿ ಇಲ್ಲಿದ್ದರೆ ಬೇರೆ ರಾಜ್ಯಗಳಲ್ಲಿ ಗಳಿಸಿದ ಲಾಭದ ತೆರಿಗೆಯೂ ಬೆಂಗಳೂರಿನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಪೀಣ್ಯದ ಲೇತ್ ಯಂತ್ರದ ಮುಂದೆ ನಿಂತವರಲ್ಲಿ ಬಿಹಾರ, ಒಡಿಶಾದ ಯುವಕರೂ ಇದ್ದಾರೆ. ಅವರನ್ನು ಓದಿಸಿ ಬೆಳೆಸಿದ ಖರ್ಚು ಆ ರಾಜ್ಯಗಳದ್ದು.

16ನೇ ಆಯೋಗ ಈ ವಾದಕ್ಕೆ ಸ್ವಲ್ಪ ಕಿವಿಗೊಟ್ಟಿದೆ. ಅರವಿಂದ ಪನಗಾರಿಯ ಅಧ್ಯಕ್ಷತೆಯ ಈ ಆಯೋಗ ದೇಶದ ಉತ್ಪನ್ನಕ್ಕೆ ರಾಜ್ಯ ನೀಡುವ ಕೊಡುಗೆಗೆ ಹೊಸದಾಗಿ ಶೇ. 10 ತೂಕ ಕೊಟ್ಟಿತು. ಪರಿಣಾಮವಾಗಿ 2026-31ರ ಅವಧಿಗೆ ಕರ್ನಾಟಕದ ಪಾಲು ಶೇ. 4.131. ಏರಿಕೆ ನಿಜ, ಆದರೆ 14ನೇ ಆಯೋಗದ ಮಟ್ಟ ಮುಟ್ಟಿಲ್ಲ. ರಾಜ್ಯಗಳ ಒಟ್ಟು ಪಾಲನ್ನು ಶೇ. 50ಕ್ಕೆ ಏರಿಸಬೇಕೆಂಬ ಬೇಡಿಕೆ ಈಡೇರಲಿಲ್ಲ. ಅದು 41ರಲ್ಲೇ ನಿಂತಿದೆ.

ಮೇಲೆ ಒಬ್ಬರು, ಕೆಳಗೆ ಒಬ್ಬರು

ಹಣಕ್ಕಿಂತ ಅಧಿಕಾರದ ಹಂಚಿಕೆ ಪೀಣ್ಯದಲ್ಲಿ ಚೆನ್ನಾಗಿ ಕಾಣುತ್ತದೆ. 2017ರ ಜುಲೈಗೆ ಮೊದಲು ಮಾರಾಟದ ಮೇಲಿನ ತೆರಿಗೆ ಭಾರವಾಯಿತೆಂದರೆ ಸಣ್ಣ ಕೈಗಾರಿಕೆಯವರು ವಿಧಾನಸೌಧಕ್ಕೆ ಮನವಿ ಒಯ್ಯುತ್ತಿದ್ದರು. ಈಗ ದರ ನಿರ್ಧರಿಸುವುದು ಜಿಎಸ್‌ಟಿ ಮಂಡಳಿ. ಅಲ್ಲಿ ತೀರ್ಮಾನಕ್ಕೆ ಮುಕ್ಕಾಲು ಮತ ಬೇಕು. ಮೂರನೇ ಒಂದು ಪಾಲು ಕೇಂದ್ರದ ಕೈಯಲ್ಲಿದೆ. ಅಂದರೆ ಕೇಂದ್ರ ಒಲ್ಲೆ ಎಂದರೆ ಎಲ್ಲ ರಾಜ್ಯಗಳು ಒಂದಾದರೂ ಏನೂ ಆಗದು.

ಇದೇ ಪೀಣ್ಯದ ತುಮಕೂರು ರಸ್ತೆಯ ಮೇಲ್ಸೇತುವೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. 2021ರ ಡಿಸೆಂಬರಿನಲ್ಲಿ ಅದರ ಕೇಬಲ್‌ಗಳಲ್ಲಿ ದೋಷ ಕಂಡು ಸಂಚಾರ ನಿಂತಿತು. ಭಾರಿ ವಾಹನಗಳು ಮತ್ತೆ ಏರಿದ್ದು 2024ರ ಜುಲೈನಲ್ಲಿ. ಎರಡೂವರೆ ವರ್ಷ ಕೆಳಗಿನ ರಸ್ತೆಯಲ್ಲಿ ಲಾರಿಗಳ ಸಾಲು ನಿಭಾಯಿಸಿದ್ದು ರಾಜ್ಯದ ಪೊಲೀಸರು. ಬಿಲ್ಲು ಯಾರಿಗೆ ಕಳುಹಿಸಬೇಕೆಂದು ಯಾವ ಸೂತ್ರವೂ ಹೇಳುವುದಿಲ್ಲ.

ದೆಹಲಿಯ ಮೇಲೆ ದೂರುವ ವಿಧಾನಸೌಧ ತನ್ನ ಕೆಳಗಿನವರಿಗೆ ಏನು ಕೊಟ್ಟಿದೆ? ವೈಟ್‌ಫೀಲ್ಡಿನ ನಿವೇಶನ ನೋಂದಣಿ, ಮದ್ಯ, ವಾಹನಗಳ ತೆರಿಗೆ ರಾಜ್ಯಕ್ಕೆ ಹೋಗುತ್ತದೆ. ನಗರಾಡಳಿತಕ್ಕೆ ಮುಖ್ಯವಾಗಿ ಉಳಿಯುವುದು ಆಸ್ತಿ ತೆರಿಗೆ. 2020ರ ಸೆಪ್ಟೆಂಬರಿನಿಂದ ಬಿಬಿಎಂಪಿಯಲ್ಲಿ ಚುನಾಯಿತ ಸದಸ್ಯರಿರಲಿಲ್ಲ. 2025ರ ಸೆಪ್ಟೆಂಬರ್ 2ರಂದು ಐದು ಪಾಲಿಕೆಗಳು ಜಾರಿಗೆ ಬರುವವರೆಗೂ ಅಧಿಕಾರಿಗಳದ್ದೇ ಆಡಳಿತ. ಎಲೆಕ್ಟ್ರಾನಿಕ್ ಸಿಟಿಯ ಉದ್ಯಮಗಳಿಗೆ ಮಾತ್ರ 2013ರಿಂದ ಸ್ವಂತ ಟೌನ್‌ಶಿಪ್ ಪ್ರಾಧಿಕಾರವಿದೆ. ಆಸ್ತಿ ತೆರಿಗೆಯ ದೊಡ್ಡ ಪಾಲು ಅಲ್ಲೇ ಖರ್ಚಾಗುತ್ತದೆ. ಒಳಗಿನ ರಸ್ತೆಗೂ ಬೇಲಿಯಾಚೆಯ ಹಳ್ಳಿಯ ರಸ್ತೆಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದೇ.

ಪೆರಿಫೆರಲ್ ರಿಂಗ್ ರಸ್ತೆಯ ಕಥೆ ಇವೆಲ್ಲವನ್ನೂ ಸುತ್ತಿ ಬರುತ್ತದೆ. ತುಮಕೂರು ರಸ್ತೆಯಿಂದ ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆ ಸೇರುವ ಈ ಮಾರ್ಗಕ್ಕೆ 3,000 ಕೋಟಿ, ಕೆರೆಗಳಿಗೆ 3,000 ಕೋಟಿ ಕೊಡಬೇಕೆಂದು 15ನೇ ಆಯೋಗ ಶಿಫಾರಸು ಮಾಡಿತ್ತು. ಕೇಂದ್ರದಿಂದ ಆ ಹಣ ಬರಲಿಲ್ಲ. ರಾಜ್ಯ ಸರ್ಕಾರ ರಸ್ತೆಗೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಹೆಸರಿಟ್ಟು, 2024ರಲ್ಲಿ ಹುಡ್ಕೋದಿಂದ 27,000 ಕೋಟಿ ಸಾಲ ಪಡೆಯಲು ನಿರ್ಧರಿಸಿತು. ಈ ರಸ್ತೆಗಾಗಿ ರೈತರ ಜಮೀನಿಗೆ ಅಂತಿಮ ಅಧಿಸೂಚನೆ ಹೊರಬಿದ್ದದ್ದು 2007ರಲ್ಲಿ.