ಕರೆಂಟ್ ಹೋದ್ರೆ ವಿಮಾನದ ಎಂಜಿನ್ ನಿಲ್ಲುತ್ತಾ?

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ಡ್ರೀಮ್‌ಲೈನರ್ ಬಿದ್ದು 260 ಜನ ತೀರಿಕೊಂಡರಲ್ಲ, ಆಗ ಬಹಳ ಜನರ ಬಾಯಲ್ಲಿ ಇದೇ ಮಾತು: "ಕರೆಂಟ್ ಹೋಯ್ತಂತೆ, ಪಂಪ್ ನಿಂತಿತಂತೆ, ಅದಕ್ಕೇ ಎಂಜಿನ್ ಆಫ್ ಆಯ್ತಂತೆ." ವಿಮಾನದ ಹೊಟ್ಟೆಯಡಿ ಇಳಿದಿದ್ದ ಪುಟ್ಟ ಫ್ಯಾನೇ ಇದಕ್ಕೆ ಸಾಕ್ಷಿ ಅಂತ ಬೇರೆ! ನನ್ನ ತಕರಾರು ಇರೋದು ಈ "ಅಂತೆ"ಗಳ ಬಗ್ಗೆ.

ಮೊದಲು ನಮ್ಮ ಮನೆಯ ನೀರಿನ ವ್ಯವಸ್ಥೆ ನೋಡಿ. ಕರೆಂಟ್ ಹೋದರೆ ಸಂಪಿನ ಮೋಟಾರು ನಿಲ್ಲುತ್ತೆ. ಆದರೆ ಮಾಳಿಗೆ ಮೇಲಿನ ಟ್ಯಾಂಕಿನಿಂದ ನಲ್ಲಿಗೆ ನೀರು ಬರೋದು ನಿಲ್ಲಲ್ಲ. ಪ್ರಯಾಣಿಕರ ವಿಮಾನದಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಇಂಧನ ಇರೋದು ರೆಕ್ಕೆಯೊಳಗೆ, ಎಂಜಿನ್ ತೂಗುಬಿದ್ದಿರೋದು ರೆಕ್ಕೆಯ ಕೆಳಗೆ. ಟ್ಯಾಂಕಿನೊಳಗಿನ ಪಂಪುಗಳು ಕರೆಂಟಿನಿಂದ ಓಡುತ್ತವೆ, ನಿಜ. ಆದರೆ ಎಂಜಿನ್ನಿಗೆ ತನ್ನದೇ ಇನ್ನೊಂದು ಪಂಪಿದೆ. ಅದನ್ನು ತಿರುಗಿಸೋದು ಎಂಜಿನ್ನಿನ ಗೇರುಗಳೇ ಹೊರತು ಕರೆಂಟಲ್ಲ. ಟ್ಯಾಂಕಿನ ಪಂಪು ಸತ್ತರೂ ಇದು ಇಂಧನವನ್ನು ಹೀರಿಕೊಳ್ಳುತ್ತೆ, ಗುರುತ್ವಾಕರ್ಷಣೆ ಕೈಜೋಡಿಸುತ್ತೆ.

ಇನ್ನೂ ಎರಡು ವಿಷಯ. ಈಗಿನ ಎಂಜಿನ್ ನಿಯಂತ್ರಿಸೋ ಕಂಪ್ಯೂಟರಿಗೆ ಎಂಜಿನ್ನಿನಲ್ಲೇ ಕೂತಿರೋ ಪುಟ್ಟ ಆಲ್ಟರ್ನೇಟರಿನಿಂದ ಕರೆಂಟು ಸಿಗುತ್ತೆ. ರೆಕ್ಕೆಯಲ್ಲಿ ಇಂಧನ ತಡೆಯೋ ವಾಲ್ವು ಮೋಟಾರಿನಿಂದ ತಿರುಗುವಂಥದ್ದು. ಕರೆಂಟು ಹೋದರೆ ಅದು ತಾನಾಗಿ ಮುಚ್ಚಿಕೊಳ್ಳಲ್ಲ, ಇದ್ದಲ್ಲೇ ಇರುತ್ತೆ. ಯಾರೋ ಪುಣ್ಯಾತ್ಮರು ಕೂತು ಯೋಚಿಸಿದ್ದಾರೆ ಸ್ವಾಮಿ!

ಹಾಗಂತ ಎಲ್ಲ ಸಲೀಸು ಅಂತಲ್ಲ. ಬೋಯಿಂಗ್ 737ರಂಥ ವಿಮಾನದಲ್ಲಿ ಹೊಟ್ಟೆಯ ಭಾಗದ ನಡು ಟ್ಯಾಂಕಿನ ಇಂಧನ ಪಂಪಿಲ್ಲದೆ ಬರಲ್ಲ, ಇದ್ದೂ ಇಲ್ಲದ ಹಾಗೆ. ಜೊತೆಗೆ ತೀರಾ ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ. ಇಂಧನದಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಹೊರಬಂದು, ತೋಟದ ಪಂಪ್‌ಸೆಟ್ಟಿಗೆ ಏರ್ ಹಿಡಿಯುತ್ತಲ್ಲ, ಹಾಗಾಗಬಹುದು. ಅದಕ್ಕೇ ಪೈಲಟ್ಟುಗಳು ಕೆಳಗಿನ ಎತ್ತರಕ್ಕೆ ಇಳಿಯುತ್ತಾರೆ.

ಈಗ 1983ರ ಜುಲೈ 23ಕ್ಕೆ ಬನ್ನಿ. ಏರ್ ಕೆನಡಾದ ಬೋಯಿಂಗ್ 767, ಒಳಗೆ 69 ಜನ, ಎತ್ತರ 41,000 ಅಡಿ. ಇಂಧನದ ಒತ್ತಡ ಕಮ್ಮಿ ಅಂತ ಎಚ್ಚರಿಕೆ ಬಂತು. ಪಂಪು ಕೆಟ್ಟಿರಬೇಕು, ಹೇಗೂ ತಾನಾಗೇ ಹರಿದು ಬರುತ್ತೆ ಅಂತ ಪೈಲಟ್ಟುಗಳು ಅಂದುಕೊಂಡರು. ತರ್ಕ ಸರಿಯೇ. ಆದರೆ ಹರಿಯೋಕೆ ಟ್ಯಾಂಕಿನಲ್ಲಿ ಏನಾದ್ರೂ ಇರಬೇಕಲ್ಲ! ಇಂಧನ ಎಷ್ಟಿದೆ ಅಂತ ತೋರಿಸೋ ಮೀಟರು ಹೊರಡೋ ಮೊದಲೇ ಕೆಟ್ಟಿತ್ತು. ಕೈಲೆಕ್ಕದಲ್ಲಿ ಲೀಟರಿಗೆ 0.8 ಕೆಜಿ ಅನ್ನೋ ಬದಲು 1.77 ಪೌಂಡ್ ಅನ್ನೋ ಅಂಕಿ ಬಳಸಿದ್ದರಿಂದ, ಬೇಕಿದ್ದ 22,300 ಕೆಜಿಯ ಅರ್ಧದಷ್ಟೂ ಟ್ಯಾಂಕಿನಲ್ಲಿರಲಿಲ್ಲ. ಎರಡೂ ಎಂಜಿನ್ ನಿಂತವು. ಎಂಜಿನ್ ನಿಂತಿದ್ದಕ್ಕೆ ಜನರೇಟರು ನಿಂತಿತು, ಕಾಕ್‌ಪಿಟ್ಟಿನ ಪರದೆಗಳು ಕಪ್ಪಾದವು. ಆಗ ಹೊರಗಿಳಿದು ಗಾಳಿಗೆ ತಿರುಗಿ, ವಿಮಾನ ನಡೆಸೋಕೆ ಬೇಕಾದ ಹೈಡ್ರಾಲಿಕ್ ಶಕ್ತಿ ಕೊಟ್ಟಿದ್ದು ಅದೇ ಪುಟ್ಟ ಫ್ಯಾನು, ರ‍್ಯಾಮ್ ಏರ್ ಟರ್ಬೈನ್. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಗಿಮ್ಲಿ ಅನ್ನೋ ಊರಿನ ಹಳೇ ವಾಯುನೆಲೆಗೆ ವಿಮಾನವನ್ನು ತೇಲಿಸಿಕೊಂಡು ಹೋಗಿ ಇಳಿಸಿದರು. ಒಬ್ಬರೂ ಸಾಯಲಿಲ್ಲ.

ಕ್ರಮ ಗಮನಿಸಿದಿರಾ? ಕರೆಂಟು ಹೋಗಿ ಎಂಜಿನ್ ನಿಂತದ್ದಲ್ಲ, ಎಂಜಿನ್ ನಿಂತು ಕರೆಂಟು ಹೋದದ್ದು. ಆ ಫ್ಯಾನು ಎರಡೂ ಎಂಜಿನ್ ನಿಂತರೂ ಇಳಿಯುತ್ತೆ, ಕರೆಂಟು ಪೂರ್ತಿ ಹೋದರೂ ಇಳಿಯುತ್ತೆ. ಬರೀ ಫ್ಯಾನು ನೋಡಿ ಕಾರಣ ಹೇಳೋದು ಅಂದ್ರೆ, ಹೊಗೆ ನೋಡಿ ಬೆಂಕಿ ಹಚ್ಚಿದವನ ಹೆಸರು ಹೇಳಿದ ಹಾಗೆ. ಅಹಮದಾಬಾದಿನ ವಿಷಯದಲ್ಲಿ ಒಂದು ತಿಂಗಳಾದ ಮೇಲೆ ಬಂದ ಪ್ರಾಥಮಿಕ ವರದಿ ಹೇಳಿದ್ದು ಬೇರೆಯೇ: ಎರಡೂ ಎಂಜಿನ್ನಿನ ಇಂಧನ ಸ್ವಿಚ್ಚುಗಳು ಒಂದು ಸೆಕೆಂಡಿನ ಅಂತರದಲ್ಲಿ "ರನ್"ನಿಂದ "ಕಟಾಫ್"ಗೆ ಹೋಗಿದ್ದವು. ಯಾಕೆ ಹೋದವು ಅನ್ನೋದನ್ನು ಆ ವರದಿ ಹೇಳಲಿಲ್ಲ. ಅದು ಹೇಳದ್ದನ್ನು ಹೇಳೋ ಹಕ್ಕು ನಮಗೂ ಇಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಕರೆಂಟಿಲ್ಲದೆಯೂ ಇಂಧನ ಹರಿಯೋ ದಾರಿಯನ್ನು ಎಂಜಿನಿಯರುಗಳು ಮಾಡಿಟ್ಟಿದ್ದಾರೆ. ಆದರೆ ಎಷ್ಟು ಉಳಿದಿದೆ ಅನ್ನೋ ತಿಳುವಳಿಕೆ ತಾನಾಗೇ ಹರಿದು ಬರಲ್ಲ. ಅದಕ್ಕೆ ಕೆಲಸ ಮಾಡೋ ಮೀಟರು ಬೇಕು, ಎರಡು ಸಲ ಲೆಕ್ಕ ಹಾಕೋ ಮನುಷ್ಯ ಬೇಕು. ನಿಂತ ಪಂಪಿಗಿಂತ ಸತ್ತ ಮೀಟರಿಗೆ ನಾನು ಹೆಚ್ಚು ಹೆದರುತ್ತೇನೆ. ಮುಂದಿನ ಸಲ ದುರಂತವಾದಾಗ (ಆಗದಿರಲಿ) "ಕರೆಂಟ್ ಹೋಯ್ತಂತೆ" ಅಂತ ಯಾರಾದರೂ ಬರೆದರೆ "ಯಾವುದು ಮೊದಲು ಹೋಯ್ತು?" ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಮನೆಯವರನ್ನು ಕಳೆದುಕೊಂಡವರಿಗೆ ನಾವು ಕೊಡಬಹುದಾದ ಕನಿಷ್ಠ ಮರ್ಯಾದೆ ಅದು.

ಏನಂತೀರಿ?