ಊರು ಕೊಟ್ಟ ಹೆಸರು

ಊರು ಮೊದಲೋ, ಹೆಸರು ಮೊದಲೋ ಎಂಬ ಪ್ರಶ್ನೆ ಬೀಜವೃಕ್ಷನ್ಯಾಯದಂತೆ ಕೊನೆಯಿಲ್ಲದ್ದೆಂದು ತೋರಬಹುದು. ಆದರೆ ನಾಡಿನ ನಕ್ಷೆಯನ್ನೂ ಮನೆಯ ತೊಟ್ಟಿಲನ್ನೂ ಜೊತೆಗಿಟ್ಟು ನೋಡುವವರಿಗೆ ಒಂದು ಉತ್ತರ ದೊರೆಯದೆ ಇರದು. ಕೆಲವು ದೇಶಗಳಲ್ಲಿ ಮನುಷ್ಯರು ತಮ್ಮ ಹೆಸರನ್ನು ನೆಲಕ್ಕೆ ಕೊಡುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಈ ಸೀಮೆಯಲ್ಲಾದರೋ ನೆಲವೇ ತನ್ನ ಹೆಸರನ್ನು ಮನುಷ್ಯರಿಗೆ ಕೊಡುವುದು ಹೆಚ್ಚು. ಅದರಲ್ಲಿಯೂ ಹೆಣ್ಣುಮಕ್ಕಳ ಹೆಸರುಗಳಲ್ಲಿ ಈ ನೆಲದ ಗುರುತು ಎಷ್ಟು ಆಳವಾಗಿ ಬಿದ್ದಿದೆ ಎಂಬುದನ್ನು ಕುರಿತು ಈ ವಾರ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಹೋಲಿಕೆಗಾಗಿ ಮೊದಲು ದೂರದ ಫ್ರಾನ್ಸ್ ದೇಶಕ್ಕೆ ಹೋಗಿಬರೋಣ. ಅಲ್ಲಿ ಜೆನ್‌ವಿಯೆವ್ ಎಂಬುದು ಹೆಣ್ಣುಮಕ್ಕಳಿಗೆ ಇಡುವ ಹಳೆಯ ಹೆಸರು. ಐದನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಸಮೀಪದ ನಾಂತೇರ್ ಎಂಬ ಊರಿನಲ್ಲಿ ಹುಟ್ಟಿದ ಒಬ್ಬ ಸಂನ್ಯಾಸಿನಿಯಿಂದ ಆ ಹೆಸರಿಗೆ ಮಹಿಮೆ ಬಂದಿತು. ೪೫೧ರಲ್ಲಿ ಹೂಣರ ಅಟ್ಟಿಲನು ದಂಡೆತ್ತಿ ಬರುತ್ತಿದ್ದಾನೆಂಬ ಸುದ್ದಿ ಕೇಳಿ ಪ್ಯಾರಿಸ್ಸಿನ ಜನ ಗಂಟುಮೂಟೆ ಕಟ್ಟಿಕೊಂಡು ಓಡಲು ಸಿದ್ಧರಾದರಂತೆ. ಆಗ ಜೆನ್‌ವಿಯೆವ್ ಊರಿನ ಹೆಂಗಸರನ್ನು ಕೂಡಿಸಿ ಪ್ರಾರ್ಥನೆಗೆ ಕುಳ್ಳಿರಿಸಿ, ಗಂಡಸರಿಗೆ ಧೈರ್ಯ ಹೇಳಿ ನಿಲ್ಲಿಸಿದಳು. ಅಟ್ಟಿಲನು ಪ್ಯಾರಿಸ್ಸಿನ ಮೇಲೆ ಬೀಳದೆ ಬೇರೆ ದಿಕ್ಕಿಗೆ ತಿರುಗಿದನು. ಮುಂದೊಮ್ಮೆ ಊರಿಗೆ ಮುತ್ತಿಗೆ ಬಿದ್ದು ಜನ ಹಸಿದಾಗ, ನದಿಯ ಮೇಲೆ ದೋಣಿಗಳಲ್ಲಿ ಧಾನ್ಯ ತರಿಸಿದಳೆಂದೂ ಅವಳ ಚರಿತ್ರೆ ಹೇಳುತ್ತದೆ. ಅವಳು ತೀರಿಕೊಂಡ ಮೇಲೆ ಸಮಾಧಿಯಾದ ಗುಡ್ಡ ಅವಳ ಗುಡ್ಡವೇ ಆಯಿತು. ಸಂತ ಜೆನ್‌ವಿಯೆವಳ ಗುಡ್ಡವೆಂದೇ ಪ್ಯಾರಿಸ್ಸಿನವರು ಇಂದಿಗೂ ಅದನ್ನು ಕರೆಯುತ್ತಾರೆ.

ಆ ಗುಡ್ಡದ ಮೇಲೊಂದು ಭವ್ಯವಾದ ಕಟ್ಟಡವಿದೆ. ಅದು ಒಬ್ಬ ಅರಸನ ಹರಕೆಯಿಂದ ಎದ್ದದ್ದು. ೧೭೪೪ರಲ್ಲಿ ಹದಿನೈದನೆಯ ಲೂಯಿ ದೊರೆ ಕಾಯಿಲೆಯಿಂದ ಹಾಸಿಗೆ ಹಿಡಿದನು, ಬದುಕಿ ಎದ್ದರೆ ಜೆನ್‌ವಿಯೆವಳಿಗೆ ಹೊಸ ಗುಡಿ ಕಟ್ಟಿಸುವೆನೆಂದು ಹರಕೆ ಹೊತ್ತನು, ಬದುಕಿದನು, ಕಟ್ಟಿಸಿದನು. ಕಟ್ಟಡ ಮುಗಿಯುವ ಹೊತ್ತಿಗೆ ಮಹಾಕ್ರಾಂತಿಯ ಕಾಲ. ಕ್ರಾಂತಿಕಾರರು ೧೭೯೧ರಲ್ಲಿ ಆ ಗುಡಿಯನ್ನು ದೇಶದ ಮಹಾಪುರುಷರ ಸಮಾಧಿಮಂದಿರವನ್ನಾಗಿ ಮಾಡಿದರು. ೧೭೯೩ರಲ್ಲಿ ಅವಳ ಅಸ್ಥಿಗಳನ್ನೇ ಸುಟ್ಟರು. ಗುಡಿ ಹೋಯಿತು, ಅಸ್ಥಿ ಹೋಯಿತು. ಗುಡ್ಡದ ಹೆಸರು ಮಾತ್ರ ಉಳಿಯಿತು. ಅದೇ ಹೆಸರನ್ನು ಫ್ರೆಂಚರು ಕಡಲಾಚೆಗೂ ಒಯ್ದರು. ಅಮೆರಿಕೆಯ ಮಿಸ್ಸಿಸ್ಸಿಪಿ ನದಿಯ ದಡದಲ್ಲಿ ಅವರು ಕಟ್ಟಿದ ಒಂದು ಊರಿಗೂ ಸಂತ ಜೆನ್‌ವಿಯೆವಳದೇ ಹೆಸರು. ೧೭೮೫ರ ಮಹಾಪೂರದಲ್ಲಿ ಆ ಊರು ಮುಳುಗಿದಾಗ ಜನ ಎತ್ತರದ ನೆಲಕ್ಕೆ ಸರಿದರು. ಹಳೆಯ ಊರನ್ನು ಬಿಟ್ಟರೂ ಹೆಸರನ್ನು ಬಿಡಲಿಲ್ಲ.

ಹೀಗೆ ಅಲ್ಲಿ ಹೆಣ್ಣು ಮೊದಲು, ನೆಲ ಆಮೇಲೆ. ಇನ್ನು ನಮ್ಮ ಸೀಮೆಗೆ ಬರೋಣ.

ಕೊಟ್ಟೂರಿನ ಹೆಸರಿನಿಂದಲೇ ಆರಂಭಿಸಬಹುದು. ಇದು ಮೊದಲು ವೀರಭದ್ರನ ಊರಾಗಿತ್ತೆಂದೂ, ಅವನು ಇದನ್ನು ಗುರು ಬಸವೇಶ್ವರನಿಗೆ ಬಿಟ್ಟುಕೊಟ್ಟನೆಂದೂ, ಕೊಟ್ಟ ಊರೇ ಕೊಟ್ಟೂರಾಯಿತೆಂದೂ ಜನ ಹೇಳುವ ಕಥೆ. ಭಾಷಾಶಾಸ್ತ್ರದವರು ಈ ಕಥೆಗೆ ತಲೆಯಾಡಿಸಲಾರರು. ಕೊಟ್ಟೂರೆಂಬ ಹೆಸರಿನ ಊರುಗಳು ತಮಿಳು ನಾಡಿನಲ್ಲಿಯೂ ಆಂಧ್ರದಲ್ಲಿಯೂ ಉಂಟು. ನಾಲ್ಕನೆಯ ಶತಮಾನದ ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನದಲ್ಲಿ ಕೂಡ ಕೊಟ್ಟೂರಿನ ಸ್ವಾಮಿದತ್ತನೆಂಬ ಅರಸನೊಬ್ಬನು ಬರುತ್ತಾನೆ. ಅಷ್ಟೂ ಊರುಗಳನ್ನು ವೀರಭದ್ರನು ಕೊಟ್ಟಿರಲಾರನಷ್ಟೆ! ಆದರೂ ಜನರ ಕಥೆಯಲ್ಲಿ ಒಂದು ಸತ್ಯ ಅಡಗಿದೆ. ಈ ಊರು ಕೊಡುವ ಊರೇ ಹೌದು. ತನ್ನ ಹೆಸರನ್ನು ಅದು ಕೊಟ್ಟಷ್ಟು ಧಾರಾಳವಾಗಿ ಕೊಟ್ಟ ಊರು ಈ ಸುತ್ತಿನಲ್ಲಿ ಮತ್ತೊಂದಿಲ್ಲ. ಕೊಟ್ಟೂರೇಶ್ವರನು ಬಾಯಿಮಾತಿನಲ್ಲಿ ಕೊಟ್ರೇಶನಾದನು. ಅವನಿಂದ ಕೊಟ್ರಪ್ಪ, ಕೊಟ್ರಯ್ಯ, ಕೊಟ್ರಗೌಡ, ಕೊಟ್ರಬಸಪ್ಪ. ಹೆಣ್ಣಾದರೆ ಕೊಟ್ರಮ್ಮ, ಕೊಟ್ರವ್ವ. ಈ ಭಾಗದ ಯಾವ ಕಾಲೇಜಿನಲ್ಲಿಯಾದರೂ ಹಾಜರಿ ಕರೆಯುವ ಅಧ್ಯಾಪಕನು ಬರಿಯ ‘ಕೊಟ್ರೇಶ’ ಎಂದರೆ ಮೂರು ಕಡೆಯಿಂದ ಉತ್ತರ ಬರುವುದು. ತಂದೆಯ ಹೆಸರನ್ನು ಸೇರಿಸಿ ಕರೆಯೋಣವೆಂದರೆ ತಂದೆಯೂ ಕೊಟ್ರಪ್ಪನೇ! ಮಾಘಮಾಸದ ತೇರಿಗೆ ದಾವಣಗೆರೆಯಷ್ಟು ದೂರದಿಂದ ಕಾಲ್ನಡಿಗೆಯಲ್ಲಿ ಬರುವ ಜನಸಾಗರದಲ್ಲಿ ಯಾರಾದರೂ ಈ ಹೆಸರನ್ನು ಕೂಗಿದರೆ ಎಷ್ಟು ತಲೆಗಳು ತಿರುಗುವುವೋ ಎಣಿಸಿದವರಿಲ್ಲ.

ಇಂಥದೇ ಇನ್ನೊಂದು ಸ್ಥಳ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ. ಹನ್ನೆರಡನೆಯ ಶತಮಾನದಲ್ಲಿ ನೊಳಂಬವಾಡಿಯನ್ನು ಆಳಿದ ಪಾಂಡ್ಯರ ರಾಜಧಾನಿ ಅದು. ಹೊಯ್ಸಳ ವೀರಬಲ್ಲಾಳನು ಅದನ್ನು ಗೆದ್ದುದನ್ನು ಶಾಸನಗಳು ದೊಡ್ಡ ಪೌರುಷವೆಂದು ಹಾಡಿಹೊಗಳುತ್ತವೆ. ಪಾಂಡ್ಯರೂ ಹೋದರು, ಬಲ್ಲಾಳರೂ ಹೋದರು. ದುರ್ಗದ ಮೇಲೆ ಉಚ್ಚಂಗಿ ಎಲ್ಲಮ್ಮ ಉಳಿದಳು. ಅವಳಿಂದ ಮನೆಮನೆಯಲ್ಲಿ ಉಚ್ಚೆಂಗೆಮ್ಮ, ಉಚ್ಚೆಂಗೆಪ್ಪ. ತುಂಗಭದ್ರೆಯ ದಡದ ಹುಲಿಗಿಯಿಂದ ಹುಲಿಗೆಮ್ಮ, ಹುಲಿಗೆಪ್ಪ, ಹಡಗಲಿ ತಾಲ್ಲೂಕಿನ ಮೈಲಾರದಿಂದ ಮೈಲಾರಪ್ಪ, ಉಜ್ಜಿನಿಯಿಂದ ಉಜ್ಜಿನಪ್ಪ. ಊರಿನ ಹೆಸರಿನ ಮುಂದೆ ಒಂದು ‘ಅಮ್ಮ’ನನ್ನೋ ಒಂದು ‘ಅಪ್ಪ’ನನ್ನೋ ಸೇರಿಸಿದರೆ ನಮ್ಮಲ್ಲಿ ಒಂದು ಜೀವಕ್ಕೆ ನಾಮಕರಣವಾಯಿತು.

ಹೀಗೇಕೆ ಎಂದರೆ, ಇದೂ ಹರಕೆಯ ಫಲವೇ. ಹೆತ್ತ ಮಕ್ಕಳು ಉಳಿಯದ ತಾಯಿ ಗುಡ್ಡದ ಮೆಟ್ಟಿಲು ಹತ್ತಿ ದೇವರ ಮುಂದೆ ನಿಂತು, “ಇದೊಂದನ್ನು ಉಳಿಸಿಕೊಡು, ನಿನ್ನ ಹೆಸರನ್ನೇ ಇಡುತ್ತೇನೆ” ಎಂದು ಬೇಡಿಕೊಳ್ಳುತ್ತಾಳೆ. ಲೂಯಿ ದೊರೆಯ ಬಳಿ ಬೊಕ್ಕಸವಿತ್ತು. ಅವನು ಕಲ್ಲಿನ ಗುಡಿಯನ್ನು ಕಟ್ಟಿಸಿದನು. ಕೂಲಿಮಾಡುವ ತಾಯಿಯ ಬಳಿ ಏನಿದೆ? ಅವಳ ಕೈಯಲ್ಲಿರುವುದು ಕೂಸು. ಅದಕ್ಕೇ ದೇವರ ಹೆಸರನ್ನಿಟ್ಟು ಹರಕೆ ತೀರಿಸುತ್ತಾಳೆ. ಕೊಟ್ರಮ್ಮ, ಉಚ್ಚೆಂಗೆಮ್ಮ ಎಂಬ ಹೆಸರುಗಳ ಹಿಂದೆ ಬಹುಮಟ್ಟಿಗೆ ಇಂಥ ಒಬ್ಬ ತಾಯಿಯ ಕಣ್ಣೀರು ಇರುತ್ತದೆ.

ಹೆಣ್ಣು ನೆಲಕ್ಕೆ ಹೆಸರು ಕೊಟ್ಟ ಉದಾಹರಣೆ ನಮ್ಮಲ್ಲಿ ಇಲ್ಲವೇ ಇಲ್ಲವೆಂದಲ್ಲ. ನೆರೆಯ ಹಂಪೆಯನ್ನೇ ನೋಡಬಹುದು. ಪಂಪೆ ಎಂಬ ಕನ್ಯೆ ತಪಸ್ಸು ಮಾಡಿ ವಿರೂಪಾಕ್ಷನನ್ನು ವರಿಸಿದಳೆಂಬುದು ಸ್ಥಳಪುರಾಣ, ಅವಳಿಂದ ಪಂಪಾಕ್ಷೇತ್ರ. ಹಳಗನ್ನಡದ ಪಕಾರವು ಮುಂದೆ ಹಕಾರವಾಗಿ, ಪೂವು ಹೂವಾದಂತೆ, ಪತ್ತು ಹತ್ತಾದಂತೆ, ಪಂಪೆ ಹಂಪೆಯಾದಳು. ಹೂವಿನ ಹಡಗಲಿ ಪೂವಿನ ಪಡಂಗಿಲೆಯಾಗಿದ್ದುದೂ ಇದೇ ನಿಯಮದ ಹಿಂದಿನ ಕಾಲದಲ್ಲಿ. ಇಂದು ಹಂಪಮ್ಮ, ಹಂಪವ್ವ ಎಂಬ ಹೆಸರಿನವರು ತಾವು ಊರಿನ ಹೆಸರನ್ನು ಹೊತ್ತಿರುವೆವೆಂದು ತಿಳಿದಿರಬಹುದು. ಆ ಊರು ಒಬ್ಬ ಹೆಣ್ಣಿನ ಹೆಸರನ್ನು ಹೊತ್ತಿದೆ!

ಆದರೆ ಪುರಾಣವನ್ನು ಬಿಟ್ಟು ಮಣ್ಣಿನ ಮೇಲೆ ನಡೆದಾಡಿದ ಹೆಣ್ಣಿನ ಮಾತು ಬಂದಾಗ ನನಗೆ ನೆನಪಾಗುವವಳು ಓಬವ್ವ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಅವಳ ತವರೂರೆಂದು ಆ ಭಾಗದ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅವಳ ಹೆಸರೂ ಊರಿನಿಂದಲೇ ಬಂದದ್ದು. ಆಂಧ್ರದ ಅಹೋಬಲದ ನರಸಿಂಹನು ಕನ್ನಡಿಗರ ಬಾಯಲ್ಲಿ ಓಬಳನಾಗಿ, ಓಬನಾಗಿ, ಓಬಯ್ಯ, ಓಬಳಪ್ಪ, ಓಬವ್ವರನ್ನು ಕೊಟ್ಟನು. ಚಿತ್ರದುರ್ಗದ ಕೊನೆಯ ಮದಕರಿನಾಯಕನ ಕಾಲದಲ್ಲಿ ಹೈದರನು ದುರ್ಗವನ್ನು ಮುತ್ತಿದ್ದಾಗ, ಕಾವಲುಗಾರನಾದ ಗಂಡನು ಊಟಕ್ಕೆ ಕುಳಿತ ಹೊತ್ತಿನಲ್ಲಿ, ಬಂಡೆಯ ಸಂದಿಯಿಂದ ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದ ಶತ್ರುಗಳನ್ನು ಓಬವ್ವ ಒನಕೆಯಿಂದ ಬಡಿದು ಕೆಡಹಿದಳೆಂಬ ಕಥೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ದುರ್ಗ ೧೭೭೯ರಲ್ಲಿ ಹೈದರನ ವಶವಾಯಿತು. ಆದರೆ ಆ ಸಂದಿ ಇಂದಿಗೂ ಓಬವ್ವನ ಕಿಂಡಿ. ೨೦೨೧ರಿಂದ ನವೆಂಬರ್ ೧೧ರಂದು ಸರಕಾರವೇ ಅವಳ ಜಯಂತಿಯನ್ನು ಆಚರಿಸುತ್ತಿದೆ.

ಪ್ಯಾರಿಸ್ಸಿನ ಜೆನ್‌ವಿಯೆವಳಂತೆ ಇವಳೂ ಒಂದು ಊರಿಗೆ ಆಪತ್ತು ಬಂದಾಗ ಓಡದೆ ನಿಂತವಳು. ಅವಳಂತೆ ಇವಳೂ ನೆಲಕ್ಕೆ ತನ್ನ ಹೆಸರನ್ನು ಕೊಟ್ಟಳು. ಆದರೆ ಇಲ್ಲಿ ಒಂದು ಹೆಚ್ಚಿನ ಸೊಗಸಿದೆ. ಒಂದು ಗುಡ್ಡದಿಂದ ಸಾಲವಾಗಿ ಪಡೆದ ಹೆಸರನ್ನು ಓಬವ್ವ ಇನ್ನೊಂದು ಗುಡ್ಡಕ್ಕೆ ಬಡ್ಡಿಸಹಿತ ಸಲ್ಲಿಸಿದ್ದಾಳೆ. ಊರಿನ ಹೆಸರನ್ನು ಹೊತ್ತ ಹೆಣ್ಣುಮಗಳು ಬರಿಯ ಹೊರೆ ಹೊತ್ತವಳಲ್ಲ, ಆ ಹೆಸರಿಗೆ ಹೊಸ ಅರ್ಥವನ್ನು ತುಂಬಬಲ್ಲವಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಷ್ಟೆಲ್ಲ ಹೇಳಲು ಕಾರಣವುಂಟು. ಈಗೀಗ ನಮ್ಮ ಹೆಣ್ಣುಮಕ್ಕಳು ಈ ಹೆಸರುಗಳಿಗೆ ನಾಚತೊಡಗಿದ್ದಾರೆ. ಉಚ್ಚೆಂಗೆಮ್ಮನೆಂಬ ಹುಡುಗಿ ಓದಲೆಂದು ದೂರದ ನಗರಕ್ಕೆ ಹೋದರೆ, ಹೆಸರಿನ ಮೊದಲೆರಡು ಅಕ್ಷರಗಳನ್ನಷ್ಟೇ ಹಿಡಿದು ನಗುವ ಜೊತೆಗಾತಿಯರು ಅಲ್ಲಿರುತ್ತಾರೆ. ಅವಳಿಗೆ ನೊಳಂಬವಾಡಿಯ ಪಾಂಡ್ಯರ ಕಥೆಯನ್ನು ಹೇಳಿದವರಿಲ್ಲ, ನಗುವವರಿಗೂ ಹೇಳಿದವರಿಲ್ಲ. ಆದುದರಿಂದ ಅವಳು ಗೆಳತಿಯರಿಗೆ ಬೇರೊಂದು ನಯವಾದ ಹೆಸರನ್ನು ಹೇಳಿಕೊಳ್ಳುತ್ತಾಳೆ. ನಾಳೆ ತನ್ನ ಮಗಳಿಗೆ ಎಲ್ಲಿಯೂ ಸಲ್ಲುವ, ಎಲ್ಲಿಯದೂ ಅಲ್ಲದ ಹೆಸರನ್ನು ಇಡುತ್ತಾಳೆ. ಅದು ಅವಳ ಹಕ್ಕು, ಸರಿ. ಆದರೆ ನಾಚಿಕೆಯಿಂದ ಬಿಟ್ಟ ಹೆಸರಿಗೂ ಇಷ್ಟದಿಂದ ಬಿಟ್ಟ ಹೆಸರಿಗೂ ಅಂತರವಿದೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಬರಹ ಅರ್ಧ ಸತ್ಯವಾದೀತು. ತಾಯಿಯ ಹರಕೆ ಎಲ್ಲ ಕಾಲದಲ್ಲಿಯೂ ಹೆಸರಿಗೇ ನಿಲ್ಲಲಿಲ್ಲ. ಬಡ ದಲಿತ ಕುಟುಂಬಗಳ ಎಷ್ಟೋ ಹೆಣ್ಣುಮಕ್ಕಳ ಬಾಳನ್ನೇ ಹರಕೆಯಾಗಿ ಒಪ್ಪಿಸಿ, ಮುತ್ತು ಕಟ್ಟಿ, ದೇವದಾಸಿಯರನ್ನಾಗಿ ಮಾಡಿದ ಪದ್ಧತಿ ಉಚ್ಚಂಗಿದುರ್ಗದಲ್ಲಿಯೂ ಇತ್ತು. ಭರತ ಹುಣ್ಣಿಮೆಯ ಜಾತ್ರೆಗೆ ಆ ಕಳಂಕ ಬಹುಕಾಲ ಅಂಟಿಕೊಂಡಿತ್ತು. ಕರ್ನಾಟಕದ ವಿಧಾನಮಂಡಲ ೧೯೮೨ರಲ್ಲಿ ಇದನ್ನು ನಿಷೇಧಿಸಿತು. ಹಾಗಿದ್ದರೂ ೧೯೯೩-೯೪ ಮತ್ತು ೨೦೦೭-೦೮ರ ಎರಡು ಸಮೀಕ್ಷೆಗಳಲ್ಲಿ ಸರಕಾರವೇ ರಾಜ್ಯದಲ್ಲಿ ಒಟ್ಟು ೪೬,೬೬೦ ಮಂದಿಯನ್ನು ಗುರುತಿಸಿತು. ಈ ತಾಯಂದಿರ ಮಕ್ಕಳಿಗೆ ಶಾಲೆಯ ಬಾಗಿಲಲ್ಲೇ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ತಂದೆಯ ಹೆಸರೇನು? ಅರ್ಜಿಯ ಆ ಒಂದು ಖಾಲಿ ಸಾಲಿನ ಮುಂದೆ ತಲೆ ತಗ್ಗಿಸಿದ ಮಕ್ಕಳೆಷ್ಟೋ! ೨೦೨೫ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಕಾನೂನು ಈ ಗಾಯಕ್ಕೆ ಮದ್ದು ಹಾಕಲು ಹೊರಟಿದೆ. ತಂದೆಯ ಹೆಸರನ್ನು ಬರೆಯಲೇಬೇಕೆಂದು ಇಂಥ ಮಕ್ಕಳನ್ನು ಬಲವಂತಪಡಿಸುವಂತಿಲ್ಲ. ತಂದೆ ಯಾರೆಂದು ಗುರುತಿಸಿ ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕೂ ಅವರಿಗುಂಟು.

ಕಾನೂನು ಸಾಲನ್ನು ಅಳಿಸಬಲ್ಲದು. ನಗುವವರ ನಗೆಯನ್ನು ಅಳಿಸಲಾರದು. ಅದು ನಮ್ಮ ನಿಮ್ಮ ಕೆಲಸ, ಮುಖ್ಯವಾಗಿ ಮನೆಯ ಹಿರಿಯರ ಮತ್ತು ಉಪಾಧ್ಯಾಯರ ಕೆಲಸ. ಉಚ್ಚೆಂಗೆಮ್ಮನ ಮಗ, ಕೊಟ್ರಮ್ಮನ ಮಗಳು ಎಂದು ಹೇಳಿಕೊಳ್ಳುವ ಮಗು ತನ್ನ ತಾಯಿಯೊಡನೆ ಒಂದು ದುರ್ಗವನ್ನೂ ಒಂದು ತೇರನ್ನೂ ಒಂದು ಚರಿತ್ರೆಯನ್ನೂ ಹೇಳುತ್ತಿದೆ ಎಂಬ ತಿಳಿವಳಿಕೆ ಕೇಳುವವರಿಗೆ ಇರಬೇಕು.

ಹರಪನಹಳ್ಳಿ ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂದಿತು. ೨೦೨೧ರಲ್ಲಿ ಈ ಸೀಮೆಯೆಲ್ಲ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆಯ ಫಲಕಗಳನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಈ ನೆಲದ ನಿಜವಾದ ಫಲಕಗಳಾಗಿ ಅಡಿಗೆಮನೆಯಲ್ಲಿ, ಹೊಲದಲ್ಲಿ, ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿರುವ ಕೊಟ್ರಮ್ಮ, ಉಚ್ಚೆಂಗೆಮ್ಮ, ಹುಲಿಗೆಮ್ಮ, ಓಬವ್ವರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುವಂತಾಗಲಿ.